ಬಾಯಿ ಮುಚ್ಚಿಸೆಂದು ಹೊತ್ತ ಹರಕೆ

ಮೈಲಾರ ಮಲ್ಲಣ್ಣನ ಭಕ್ತರೇ, ಅವನು ನನ್ನ ಹರಕೆಗೆ ಓಗೊಟ್ಟಿದ್ದಾನೆ. ಆದರೆ ಆ ಹರಕೆ ನೆನೆದರೆ ಇಂದಿಗೂ ನನ್ನ ತಲೆ ತಗ್ಗುತ್ತದೆ.

ನನ್ನ ತಮ್ಮ ಮಾಳಪ್ಪನಿಗೆ ನಲವತ್ತು ದಾಟಿದೆ. ಹುಟ್ಟಿನಿಂದ ಬುದ್ಧಿ ಕಡಿಮೆ. ಔರಾದ ತಾಲೂಕಿನ ಎಕಂಬಾದಲ್ಲಿ ಅವ್ವನ ಜೊತೆ ಕುರಿ ಕಾಯುತ್ತ ಸುಖವಾಗಿಯೇ ಇದ್ದ. ಕಳೆದ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಅವನಿಗೇನು ತಿಳಿಯುತ್ತದೆ ಎಂದು, ಕುರಿ ಕಾಯಲು ಹೋಗಿದ್ದವನನ್ನು ಮಣ್ಣು ಮಾಡುವಾಗಲೂ ಕರೆಯಲಿಲ್ಲ. "ಅವ್ವ ಊರಿಗಿ ಹೋಗ್ಯಾಳ" ಎಂದು ಹೇಳಿ, ಬೀದರಿನ ಮೈಲೂರಿನಲ್ಲಿರುವ ನನ್ನ ಮನೆಗೆ ಕರೆತಂದೆ.

ಹಾಲಿನವನಿಗೆ, ಆಟೋದವರಿಗೆ, ಎಲ್ಲರಿಗೂ ಅವನದು ಒಂದೇ ಪ್ರಶ್ನೆ: "ನಮ್ಮವ್ವ ಬಂದಳೇನ್ರಿ?" ನನ್ನ ಮಗಳನ್ನು ನೋಡಲು ಗಂಡಿನವರು ಬಂದಾಗಲೂ ಕೇಳಿದ. ನಾನೋ ಮೊದಲೇ ಸಿಟ್ಟಿನವಳು. ಭಾಲ್ಕಿ ಬಸ್ಸು ಹಿಡಿದು ಮಲ್ಲಣ್ಣನ ಗುಡಿಗೆ ಹೋಗಿ, "ಯಪ್ಪಾ, ಬಾಯಿ ಮುಚ್ಚಸೋ, ನಿನಗ ಹೋಳಿಗಿ ಮಾಡ್ತೀನಿ" ಎಂದು ಬೇಡಿಕೊಂಡೆ.

ದೀಪಾವಳಿ ಹೊತ್ತಿಗೆ ಅವನ ಮಾತು ನಿಂತೇ ಹೋಯಿತು. ನಾನು ಖುಷಿಯಿಂದ ಹೋಳಿಗೆ ನೈವೇದ್ಯ ಹಿಡಿದೆ! ಥೂ ನನ್ನ ಬಾಳೇ! ಅವನು ಆ ಹೋಳಿಗೆ ಮುಟ್ಟಲಿಲ್ಲ. ಆಮೇಲೆ ರೊಟ್ಟಿಯನ್ನೂ ಬಿಟ್ಟ, ನಿದ್ದೆಯನ್ನೂ ಬಿಟ್ಟ, ಹಣೆಯನ್ನು ಗೋಡೆಗೆ ಬಡಿದುಕೊಳ್ಳತೊಡಗಿದ. "ಅವ ಮೊದಲಿಂದ ಹಂಗೇ ಅದಾನ್ರಿ" ಎಂದು ನೆರೆಯವರಿಗೆ ಹೇಳಿದೆ. ಸುಳ್ಳು. ಅವನು ಹಾಗಿರಲೇ ಇಲ್ಲ.

ಒಂದು ದಿನ ಹಣೆ ಒಡೆದು ರಕ್ತ ನಿಲ್ಲಲಿಲ್ಲ. "ಮಲ್ಲಣ್ಣಾ, ನನ್ನ ತಮ್ಮನ್ನ ಉಳಸೋ" ಎಂದು ಅಳುತ್ತ ಆಸ್ಪತ್ರೆಗೆ ಒಯ್ದೆ. ಹೊಲಿಗೆ ಹಾಕಿದವರೇ ನಮ್ಮನ್ನು ಮನಸ್ಸಿನ ಕಾಯಿಲೆಯ ಡಾಕ್ಟರಮ್ಮನ ಬಳಿ ಕಳಿಸಿದರು.

ಏನಾಯಿತು ಎಂದು ಅವರು ಕೇಳಿದ ಕೂಡಲೇ ನಾನು ಶುರು ಮಾಡಿದೆ. "ಬುದ್ಧಿ ಕಮ್ಮಿ ಅದರಿ ಅವನಿಗಿ, ಅದಕ್ಕ..."

"ನಿಮಗಲ್ರಿ ಅಕ್ಕಾ, ಅವರಿಗಿ ಕೇಳಲತ್ತೀನಿ" ಎಂದು ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ಮಾಳಪ್ಪಣ್ಣಾ, ಯಾಕ ಹೊಡಕೋತೀರಿ?"

ಬಹಳ ಹೊತ್ತು ಕಾದರು. ನಾನು ತುಟಿ ಬಿಚ್ಚಲಿಲ್ಲ.

"ನಾ ಕುರಿಮರಿ ಕಳದೀನ್ರಿ" ಎಂದ ನನ್ನ ತಮ್ಮ. "ಅವ್ವ ಸಿಟ್ಟಾಗಿ ಹೋಗ್ಯಾಳ. ಅದಕ್ಕ ಬರವಲ್ಲಳು."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಡಾಕ್ಟರಮ್ಮ ಬೈಯಲಿಲ್ಲ. ಬುದ್ಧಿ ಕಡಿಮೆ ಇದ್ದವರಿಗೂ ದುಃಖವಾಗುತ್ತದೆ, ಖಿನ್ನತೆ ಬರುತ್ತದೆ, ವಾಸಿಯೂ ಆಗುತ್ತದೆ ಎಂದು ಗುಳಿಗೆ ಬರೆದುಕೊಟ್ಟರು. "ಮೊದಲ ಖರೇ ಹೇಳ್ರಿ ಅವರಿಗಿ" ಎಂದರು.

ಎಕಂಬಾಕ್ಕೆ ಕರೆದೊಯ್ದು, ಹೊಲದ ಬದುವಿನಲ್ಲಿರುವ ಅವ್ವನ ಸಮಾಧಿ ತೋರಿಸಿದೆ. "ಅವ್ವ ಸತ್ತಾಳಪ್ಪಾ. ನಿನ್ನ ಮ್ಯಾಲ ಸಿಟ್ಟಾಗಿಲ್ಲ. ನಾನೇ ಸುಳ್ಳ ಹೇಳಿದ್ದೆ." ಅವನು ಮಲ್ಲಣ್ಣನ ಭಂಡಾರವನ್ನು, ಆ ಹಳದಿ ಪುಡಿಯನ್ನು, ಮಣ್ಣಿಗೆ ಹಚ್ಚಿ ಬಿದ್ದು ಹೊರಳಾಡಿ ಅತ್ತ. ಸಂಜೆ ಅರ್ಧ ರೊಟ್ಟಿ ತಿಂದ.

ಗುಳಿಗೆ ಇನ್ನೂ ನಡೆದಿದೆ, ತಿಂಗಳಿಗೊಮ್ಮೆ ಡಾಕ್ಟರಮ್ಮನ ಬಳಿ ಕೂತು ಮಾತಾಡಿ ಬರುತ್ತಾನೆ. ನಿದ್ದೆ ಮಾಡುತ್ತಾನೆ. ಈಗ ಮನೆಗೆ ಬಂದವರಿಗೆಲ್ಲ, "ನಮ್ಮವ್ವ ಸತ್ತಾಳ್ರಿ. ಸಿಟ್ಟಾಗಿಲ್ಲಂತ್ರಿ" ಎಂದು ಹೇಳುತ್ತಾನೆ. ಮೊನ್ನೆ ಬೀಗರಿಗೂ ಹೇಳಿದ. ನಾನು ಸುಮ್ಮನೆ ಚಹಾ ಕೊಟ್ಟೆ.

ಬಾಯಿ ಮುಚ್ಚಿಸೆಂದು ಬೇಡಿದ್ದೆನಲ್ಲ. ಅವತ್ತು ಆಸ್ಪತ್ರೆಯಲ್ಲಿ ಮಲ್ಲಣ್ಣ ನನ್ನ ಬಾಯಿ ಮುಚ್ಚಿಸಿದ. ತಂದೆಗೆ ಶರಣು.