ಸರಾಸರಿ 2.66

ಬವೇರಿಯಾದ ಓಬರ್‌ಮೂಸ್ ಊರಿನಲ್ಲಿ ಕ್ರೆಸೆಂಟ್ಸ್ ಐಗ್ನರ್ ಮೇಡಂ ಇಪ್ಪತ್ತೇಳು ವರ್ಷಗಳಿಂದ ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದರು. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಬೇಕರಿಯ ಸಾಲಿನಲ್ಲಿ ಎಲ್ಲರೂ ಅವರಿಗೆ ಜಾಗ ಬಿಡುತ್ತಿದ್ದರು. ಮೇ ತಿಂಗಳಲ್ಲಿ ಅಂಕಪಟ್ಟಿ ಕೈಸೇರಿತೆಂದರೆ ಅರ್ಧ ಊರಿಗೆ ಅವರ ಗುರುತೇ ಹತ್ತುತ್ತಿರಲಿಲ್ಲ. ಜರ್ಮನ್, ಗಣಿತ, ಊರು-ಪರಿಸರ, ಈ ಮೂರರ ಸರಾಸರಿ 2.33 ದಾಟದಿದ್ದರೆ ಹತ್ತು ವರ್ಷದ ಮಗು ಗಿಮ್ನಾಸಿಯಂಗೆ, ಅಂದರೆ ಯೂನಿವರ್ಸಿಟಿಯ ದಾರಿಗೆ. 2.66 ಆದರೆ ರಿಯಾಲ್‌ಶೂಲೆಗೆ, ಅಂದರೆ ಗುಮಾಸ್ತಿಕೆಯ ದಾರಿಗೆ. ಅದನ್ನೂ ದಾಟಿದರೆ ಮಿಟ್ಟೆಲ್‌ಶೂಲೆಗೆ, ಅಂದರೆ ಕೈಕಸುಬಿನ ದಾರಿಗೆ. ಒಂದು ಎಂದರೆ ಭೇಷ್. ಆರು ಎಂದರೆ ದೇವರೇ ಗತಿ.

ಆ ವರ್ಷ ಏಪ್ರಿಲ್ ಕೊನೆಗೆ ಪುರಸಭೆಯ ವಿಭಾಗಾಧಿಕಾರಿ ಗೆರ್ನೋಟ್ ಷ್ಟಾಡ್ಲರ್ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಶಾಲೆಗೆ ಬಂದರು. ಮಗಳು ಫ್ರೀಡಾಳದು 2.66. ಊರು-ಪರಿಸರದಲ್ಲಿ ಬಂದ ಮೂರು ಎರಡಾದರೆ ಸರಾಸರಿ 2.33, ಗಿಮ್ನಾಸಿಯಂ. ಅದನ್ನು ಕೆಡಿಸಿದ್ದು ಕೊನೆಯ ಪರೀಕ್ಷೆ.

"ಮೂರು ತಲೆಮಾರಿಂದ ನಮ್ಮನೇಲಿ ಎಲ್ರೂ ಗಿಮ್ನಾಸಿಯಂ, ಮೇಡಂ. ನಾಯಿಗೂ ಲ್ಯಾಟಿನ್ ಹೆಸ್ರೇ ಇಟ್ಟಿದೀವಿ."

"ನಾಯಿ ಸರಾಸರಿ ನಂಗೊತ್ತಿಲ್ಲ ಸ್ವಾಮಿ. ಫ್ರೀಡಾದು ಇಷ್ಟೇ."

"ಆ ಪೇಪರ್ ನಾನು ನೋಡೇ ಇಲ್ಲ! ಮನೆಯೋರಿಗೆ ತೋರಿಸ್ದೆ ಹಾಕಿದ ಅಂಕ ನಿಯಮದ ಪ್ರಕಾರ ಅಂಕವೇ ಅಲ್ಲ. ಮೇಲಿನೋರಿಗೆ ಬರೀತೀನಿ, ಅಷ್ಟೆ."

ಹುಡುಗಿ ಜಾಣೆಯೆಂಬುದು ಮೇಡಂಗೂ ಗೊತ್ತಿತ್ತು. ನಿಟ್ಟುಸಿರುಬಿಟ್ಟು ಕಪಾಟಿನಿಂದ ಪೇಪರು ತೆಗೆದರು. ಪ್ರಶ್ನೆ: ಪುರಸಭೆಯ ಮೂರು ಕೆಲಸಗಳನ್ನು ಬರೆ. ಫ್ರೀಡಾ ದುಂಡಗೆ ಬರೆದಿದ್ದಳು: ಕಾಫಿ ಕುಡಿಯುವುದು. 'ಇದು ನಮ್ಮ ವಿಭಾಗಕ್ಕೆ ಬರಲ್ಲ' ಅನ್ನುವುದು. ಸಹಿ ಹಾಕುವುದು.

ಷ್ಟಾಡ್ಲರ್ ಕಿವಿ ಕೆಂಪಾಯಿತು. ಕಣ್ಣು ಹಾಳೆಯ ಬುಡಕ್ಕೆ ಇಳಿಯಿತು. ಅಲ್ಲಿ 'ನೋಡಿದ್ದೇನೆ' ಎಂಬ ಸಾಲಿನ ಮುಂದೆ, ತಾರೀಖಿನ ಸಮೇತ, ನೀಲಿ ಶಾಯಿಯ ಸಹಿ.

"ಇದು... ನಂದೇ."

"ನಿಮ್ದೇ. ಮೂರು ವಾರ ಆಯ್ತು."

"ಬೆಳಗ್ಗೆ ಬ್ಯಾಗ್ ಹಿಡ್ಕೊಂಡು ಬಾಗ್ಲಲ್ಲಿ ನಿಂತಿದ್ಲು. ಹಾಕ್ಬಿಟ್ಟೆ." ಷ್ಟಾಡ್ಲರ್ ದನಿ ತಗ್ಗಿಸಿ ಕೇಳಿದರು: "ಮೂರನೇದು ಸರೀನೇ ಅಲ್ವಾ?"

"ಸರಿ. ಅದಕ್ಕೆ ಅಂಕ ಕೊಟ್ಟಿದೀನಿ ನೋಡಿ."

"ಮೊದಲನೇದೂ ಸುಳ್ಳೇನಲ್ಲ..."

"ಹಾಗಂತ ಪುರಸಭೆ ಕಾಗದದಲ್ಲಿ ಬರ್ದು, ಸೀಲ್ ಒತ್ತಿ ಕೊಡಿ. ಈಗ್ಲೇ ಎರಡು ಹಾಕ್ತೀನಿ."

ಷ್ಟಾಡ್ಲರ್ ಕೋಟಿನ ಒಳಜೇಬಿಗೆ ಕೈಹಾಕಿದರು. ಪೆನ್ನು ಅರ್ಧ ಹೊರಬಂತು. ಮಗಳ ಗಿಮ್ನಾಸಿಯಂ ಒಂದು ಕಡೆ, ಇಪ್ಪತ್ತು ವರ್ಷದ ನೌಕರಿ ಇನ್ನೊಂದು ಕಡೆ. ಪೆನ್ನು ಒಳಗೆ ಹೋಯಿತು.

ಮೇ ಮೊದಲ ವಾರ ಅಂಕಪಟ್ಟಿ ತಲುಪಿದ್ದಕ್ಕೆ ಸಹಿ ಹಾಕುವ ಮೊದಲು ಷ್ಟಾಡ್ಲರ್ ಅದನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು. ಎರಡು ಸಲವೂ 2.66 ಎಂದೇ ಇತ್ತು.