ಭೈರವಿಯ ನಂತರ ಹಾಡಿದ ತ್ರ್ಯಂಬಕ

ಧಾರವಾಡದಲ್ಲಿ ಹಾಡಲು ಬಾರದವರಿಗೆ ಕೊರತೆಯಿಲ್ಲ. ತಮಗೆ ಬಾರದೆಂದು ತಿಳಿಯದವರು ಮಾತ್ರ ಅಪರೂಪ. ಶಿಕ್ಷಣ ಇಲಾಖೆಯ ಗುಮಾಸ್ತ ತ್ರ್ಯಂಬಕ ಅಂಥವರಲ್ಲೊಬ್ಬ. ರೇಡಿಯೋದವರು ಮೂರು ಸಲ ಅವನ ಧ್ವನಿ ಪರೀಕ್ಷಿಸಿ ಮೂರು ಸಲವೂ ಒಂದೇ ಒಕ್ಕಣೆಯ ಕಾಗದ ಕಳಿಸಿದ್ದರು. ಮದುವೆಮನೆಯವರು ಎಲ್ಲರೂ ಊಟಕ್ಕೆ ಕೂತ ಮೇಲಷ್ಟೇ ಅವನನ್ನು ಹಾಡಿಸುತ್ತಿದ್ದರು. ಹೀಗಿರುವಾಗ, ೧೯೬೨ರಲ್ಲಿ, ಎದ್ದು ಹೋಗಲಾರದ ಕೇಳುಗರು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಸಾಲಾಗಿ ಮಲಗಿರುವುದು ಅವನಿಗೆ ಹೊಳೆಯಿತು. ಇದಕ್ಕೆ ರೋಗಿಗಳ ಸೇವೆ ಎಂದು ಹೆಸರಿಟ್ಟು, ದೊಡ್ಡ ಡಾಕ್ಟರ ಒಪ್ಪಿಗೆ ಪಡೆದು, ಪ್ರತಿ ರವಿವಾರ ಹಾರ್ಮೋನಿಯಂ ಹೊತ್ತು ರೈಲು ಹತ್ತತೊಡಗಿದ.

ಗಂಡಸರ ವಾರ್ಡಿನಲ್ಲಿ ಅವನ ಕಾಯಂ ಕೇಳುಗ ಕಮರಿಪೇಟೆಯ ಗಿರಣಿ ಕೆಲಸಗಾರ ಹುಲಗಪ್ಪ. ಮುರಿದ ಕಾಲಿಗೆ ಉಸುಕಿನ ಚೀಲ ಕಟ್ಟಿ ಇಳಿಬಿಟ್ಟಿದ್ದರಿಂದ ಅವನಿಗೆ ಮಗ್ಗುಲು ಬದಲಿಸುವುದೂ ಸಾಧ್ಯವಿರಲಿಲ್ಲ.

ಒಂದು ರವಿವಾರ ಪಕ್ಕದ ಮಂಚಕ್ಕೆ ಧಾರವಾಡದ ನಿವೃತ್ತ ಶಿಕ್ಷಕ ದತ್ತು ಮಾಸ್ತರರು ಬಂದರು. ಹರ್ನಿಯಾ. ಮರುದಿನ ಬೆಳಿಗ್ಗೆ ಕೊಯ್ಯದಿದ್ದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರು. ಆದರೂ ಹಾಡು ಶುರುವಾದೊಡನೆ ಮಾಸ್ತರರ ಬೆರಳು ಚಾದರದ ಮೇಲೆ ತಾಳ ಹಾಕತೊಡಗಿತು. ಬಲ್ಲವನೊಬ್ಬ ತನ್ನನ್ನು ಕೇಳುತ್ತಿದ್ದಾನೆ! ತ್ರ್ಯಂಬಕ ಉಬ್ಬಿಹೋದ. ದೊಡ್ಡ ಗವಾಯಿಗಳ ಠೀವಿಯಲ್ಲಿ ಕೊನೆಗೆ ಭೈರವಿ ರಾಗ ಎತ್ತಿಕೊಂಡ.

ಭೈರವಿ ಶುರುವಾಯಿತೆಂದರೆ ಧಾರವಾಡದವರು ಚಪ್ಪಲಿ ಹುಡುಕುತ್ತಾರೆ. ಕಚೇರಿ ಮುಗಿಸುವ ರಾಗ ಅದು, ಅದರ ನಂತರ ಬೇರೆ ಹಾಡಿಲ್ಲ. ಮಾಸ್ತರರ ಬೆರಳು ನಿಂತಿತು. ಹೆಂಡತಿ ಕಾಶೀಬಾಯಿಯನ್ನು ಹತ್ತಿರ ಕರೆದರು.

“ಭೈರವಿ ಹಚ್ಚಿದ ನೋಡು. ನನ್ನ ಕಥಿ ಮುಗೀತಂತ ಡಾಕ್ಟರು ನಮಗ ಹೇಳಲಾರದ್ದು ಇವಗ ಹೇಳ್ಯಾರ. ನನ್ನ ಮನೀಗೆ ಒಯ್ಯಿ. ಸಾಯೂದಾದ್ರ ಅಲ್ಲೇ ಸಾಯ್ತೇನಿ.”

ಆಪರೇಷನ್ನಿನ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡುವುದಿಲ್ಲವೆಂದು ಪಟ್ಟು ಹಿಡಿದರು. ಕಾಶೀಬಾಯಿ ಅತ್ತರು. ನರ್ಸ್ ದಾನವ್ವ ತ್ರ್ಯಂಬಕನ ಬಳಿ ಬಂದು, ಬೇರೆ ಏನಾದರೂ ಹಾಡಿ, ಕಚೇರಿ ಮುಗಿದಿಲ್ಲವೆಂದು ಮುದುಕರಿಗೆ ಅನ್ನಿಸಲಿ ಎಂದಳು. ಭೈರವಿಯ ನಂತರ ಹಾಡುವುದು ಗುರುದ್ರೋಹ, ತನ್ನಿಂದಾಗದು ಎಂದ ತ್ರ್ಯಂಬಕ. ಗುರುವಿಗಿಂತ ಅವನಿಗೆ ಮಾಸ್ತರರದೇ ಭಯ. ಅವರು ಬದುಕಿ ಊರಿಗೆ ಹೋದರೆ ಈ ತಪ್ಪನ್ನು ಮನೆಮನೆಗೂ ಮುಟ್ಟಿಸುವವರು. ಸಿಕ್ಕ ಒಬ್ಬನೇ ರಸಿಕನ ಮುಂದೆ ಮಾನ ಉಳಿಯಬೇಕಿತ್ತು. ಅದಕ್ಕಾಗಿ ಆ ರಸಿಕ ಉಳಿಯದಿದ್ದರೂ ನಡೆಯುತ್ತಿತ್ತೇನೋ.

“ಒಂದ ತಪ್ಪ ಮಾಡ್ರಿ, ಗವಾಯಿಗಳ,” ಎಂದ ಹುಲಗಪ್ಪ ಮಲಗಿದಲ್ಲಿಂದಲೇ. “ಎರಡ ತಿಂಗಳಿಂದ ಕೇಳಾಕತ್ತೇನಿ. ನಿಮಗೇನ ರೂಢಿ ಇಲ್ಲನ್ರಿ?”

ವಾರ್ಡಿಗೆ ವಾರ್ಡೇ ನಕ್ಕಿತು. ತ್ರ್ಯಂಬಕ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ ಬಾಗಿಲವರೆಗೆ ಹೋದ. ಕಾಶೀಬಾಯಿ ಏನೂ ಬೇಡಲಿಲ್ಲ. ಗಂಡನ ಧೋತರ, ತಂಬಿಗೆ, ಕನ್ನಡಕದ ಡಬ್ಬಿ ಚೀಲಕ್ಕೆ ತುಂಬುತ್ತಿದ್ದರು, ಅಷ್ಟೇ. ಅವನು ಮರಳಿ ಬಂದು ಕೂತು, ಕಣ್ಣು ಮುಚ್ಚಿಕೊಂಡು ಯಮನ್ ರಾಗ ಶುರುಮಾಡಿದ.

ಮಾಸ್ತರರು ಬೆಚ್ಚಿ ತಲೆಯೆತ್ತಿದರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಮುಖದ ಮೇಲೆ ದೊಡ್ಡ ನಿರಾಳ ಹರಡಿತು.

“ಕಾಶಿ, ಚೀಲ ಇಳಸು. ಭೈರವಿ ಆದ ಮ್ಯಾಲೆ ಯಮನ್ ಹಾಡೂ ಮನಷಾ. ಇವಗ ಏನೂ ಗೊತ್ತಿಲ್ಲ. ಇಂಥವನ ಭೈರವಿಗೆ ನಾ ಯಾಕ ಸಾಯಲಿ?”

ದಾನವ್ವ ಕಾಗದ ಹಿಡಿದಳು. ಅವರು ಸಹಿ ಮಾಡಿದರು. ತ್ರ್ಯಂಬಕನಿಗೆ ಎಲ್ಲವೂ ಕೇಳಿಸಿತು. ಆದರೂ ದಾನವ್ವ ಆ ಕಾಗದ ಹಿಡಿದು ವಾರ್ಡಿನ ಆಚೆ ಹೋಗುವವರೆಗೆ ಅವನು ಹಾಡು ನಿಲ್ಲಿಸಲಿಲ್ಲ.