ಕರ್ಪೂರ ಆರಿಸದವಳು

ನಾನು ಬಿ.ಎ. ಮುಗಿಸುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ. ಆಮೇಲೆ ಊರಿನ ಕಿರಾಣಿ ಅಂಗಡಿಯವರು, ಕೆಂಭಾವಿ ಬಸ್ಸಿನ ಕಂಡಕ್ಟರು, ಕೊನೆಗೆ ಹಾಸ್ಟೆಲ್ಲಿನ ವಾರ್ಡನ್ ಮೇಡಂ ಸರದಿಯಲ್ಲಿ ನಿಂತು ಅದನ್ನೇ ಹೇಳಿದರು. ಮಾವ ಕೊಟ್ಟ ಕಾರಣ ಬಡತನವಲ್ಲ. "ಆಕಿಗಿ ಬಾಯಿ ಭಾಳ. ಅಂಥಾಕಿನ್ನ ಯಾರೂ ಮೂರು ವರ್ಷ ಇಟ್ಕೊಳ್ಳಂಗಿಲ್ಲ" ಎಂದಿದ್ದರು. ಎರಡೂಮುಕ್ಕಾಲು ವರ್ಷ ಇಟ್ಟುಕೊಂಡರು. ಕೊನೆಯ ಪರೀಕ್ಷೆಗೆ ಐದು ವಾರ ಇರುವಾಗ ಹಾಸ್ಟೆಲ್ಲಿನ ಉಗ್ರಾಣದಿಂದ ಒಂದು ಚೀಲ ತೊಗರಿಬೇಳೆ ಕಾಣೆಯಾಯಿತು.

ಶಹಾಪುರದಲ್ಲಿ ದಾನಿಗಳು ನಡೆಸುತ್ತಿದ್ದ ಸಣ್ಣ ಹೆಣ್ಣುಮಕ್ಕಳ ಹಾಸ್ಟೆಲ್ ಅದು. ಉಗ್ರಾಣದ ಕೀಲಿಕೈ ನನ್ನ ಹತ್ತಿರ ಇರುತ್ತಿತ್ತು. ದಿನಾ ಬೆಳಿಗ್ಗೆ ಅಡುಗೆಯವರಿಗೆ ಅಕ್ಕಿ, ಬೇಳೆ ಅಳೆದು ಕೊಡುವುದು ನನ್ನ ಕೆಲಸ. ಬದಲಿಗೆ ನನ್ನ ಊಟ ಪುಕ್ಕಟೆ. ಇನ್ನೊಂದು ಕೀಲಿಕೈ ಮೇಡಂ ಅವರ ಕಪಾಟಿನಲ್ಲಿತ್ತು. ಆ ಕಪಾಟಿನ ಬಾಗಿಲು ಸರಿಯಾಗಿ ಮುಚ್ಚುತ್ತಲೂ ಇರಲಿಲ್ಲ. ಆದರೂ ಎಲ್ಲರ ಕಣ್ಣು ಬಿದ್ದದ್ದು ನನ್ನ ಮೇಲೆ.

ಪೊಲೀಸರನ್ನು ಕರೆದರೆ ಹಾಸ್ಟೆಲ್ಲಿನ ಹೆಸರು ಕೆಡುತ್ತದೆ ಎಂದು ಮೇಡಂ ಹನುಮಪ್ಪನನ್ನು ಕರೆದರು. ಹಿತ್ತಲ ಗೋಡೆಗೆ ಹತ್ತಿಕೊಂಡೇ ಅವನ ಗುಡಿ. ಒಬ್ಬೊಬ್ಬರೇ ಹೋಗಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ "ನಾ ಒಯ್ದಿಲ್ಲ" ಎನ್ನಬೇಕು. ಇಪ್ಪತ್ತೊಂದು ದಿನದ ಒಳಗೆ ಯಾರಿಗೆ ಕೇಡಾಗುತ್ತದೋ ಅವರೇ ಕಳ್ಳರು. ನಮ್ಮ ಕಡೆ ಇದು ಹೊಸದಲ್ಲ. ವಕೀಲರು ಬೇಡ, ಸಾಕ್ಷಿ ಬೇಡ, ಮುಂದಿನ ತಾರೀಖು ಎಂಬ ತಲೆನೋವಿಲ್ಲ.

ಎಲ್ಲರಿಗಿಂತ ಮೊದಲು ಮೇಡಂ ತಾವೇ ಕರ್ಪೂರ ಆರಿಸಿದರು. ನನ್ನ ಕೋಣೆಯ ಗೆಳತಿ ಮುಸ್ಲಿಮರಾಕೆ. ಅವಳಿಗೆ ಅನ್ಯಾಯ ಆಗಬಾರದೆಂದು ಮೇಡಂ, "ನಿನ್ನ ದರ್ಗಾಕ್ಕ ಕರ್ಕೊಂಡು ಹೋಗ್ತೀನವ್ವಾ" ಎಂದರು.

"ಈ ಬಿಸಿಲಾಗ ಅಲ್ಲಿ ತನಕ ಯಾರು ನಡೀಬೇಕ್ರಿ ಮೇಡಂ. ಹನುಮಪ್ಪನೂ ನಮ್ಮ ಓಣಿಯಾವನೇ ಅದಾನ" ಎಂದು ಅವಳು ಅಲ್ಲೇ ಅಂಗೈ ಚಾಚಿದಳು.

ನನ್ನ ಸರದಿ ಬಂತು. ಕೈ ಹಿಂದಕ್ಕೆ ಕಟ್ಟಿಕೊಂಡೆ. "ನಾ ಮಾಡಂಗಿಲ್ರಿ."

ಇದಕ್ಕೆ ಕಾರಣ ಪುಸ್ತಕದಿಂದ ಬಂದದ್ದಲ್ಲ. ನಾನು ಸಣ್ಣವಳಿದ್ದಾಗ ಅವ್ವ ಊರಲ್ಲಿ ಒಂದು ದೊಡ್ಡ ಮನೆಯ ಮುಸುರೆ ತಿಕ್ಕುತ್ತಿದ್ದಳು. ಆ ಮನೆಯ ಬೆಳ್ಳಿ ಬಟ್ಟಲು ಕಳೆಯಿತು. ಅವ್ವ ಕರ್ಪೂರ ಆರಿಸಿ ಆಣೆ ಮಾಡಿದಳು. ಹದಿನಾಲ್ಕನೇ ದಿನಕ್ಕೆ ನಮ್ಮ ಆಡು ಸತ್ತಿತು. ಹೊಟ್ಟೆ ಕೊಯ್ದಾಗ ಒಳಗೆ ಒಂದು ಬುಟ್ಟಿ ಪ್ಲಾಸ್ಟಿಕ್ ಇತ್ತು. ಅದನ್ನು ನಾನೇ ಕಣ್ಣಾರೆ ನೋಡಿದ್ದೆ. ಆದರೆ ಊರಿಗೆ ಪ್ಲಾಸ್ಟಿಕ್ ಕಾಣಲಿಲ್ಲ, ದೇವರು ಕಂಡ. ಅವ್ವ ಆ ಮನೆಯ ಕೆಲಸ ಕಳೆದುಕೊಂಡಳು, ಬೇರೆ ಮನೆಯವರೂ ಕರೆಯಲಿಲ್ಲ. ಬಟ್ಟಲು ಆಮೇಲೆ ಸಿಕ್ಕಿತೋ ಇಲ್ಲವೋ, ನಮಗೆ ಬಂದು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಬಡವರ ಮನೆಯಲ್ಲಿ ಯಾವ ಇಪ್ಪತ್ತೊಂದು ದಿನ ಕೇಡಿಲ್ಲದೆ ಕಳೆಯುತ್ತದೆ, ಹೇಳಿ. ಒಂದು ಜ್ವರ ಸಾಕು, ಒಂದು ತೊಲೆ ಮುರಿದರೆ ಸಾಕು.

ಮೇಡಂ ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ತಾವೇ ಗಂಜಿ ಕಾಸಿ ಕೊಟ್ಟವರು.

"ಒಯ್ದಿಲ್ಲಂದ್ರ ಆಣಿ ಮಾಡಾಕ ಏನು ಅಂಜಿಕಿ?"

"ಒಯ್ದೀನಿ ಅನ್ನಾಕ ನಿಮ್ಮ ಹತ್ರ ಏನರ ಪುರಾವೆ ಅದ ಏನ್ರಿ? ಪುರಾವೆ ಇಲ್ಲದ ಯಾರನ್ನೂ ಕಳ್ಳಿ ಅನಬಾರದು. ಅದು ನನ್ನ ಹಕ್ಕು."

"ಹಕ್ಕು" ಎಂದು ಅವರು ನಕ್ಕರು. "ಯಾರು ಕೊಟ್ಟಾರ ನಿನಗ ಆ ಹಕ್ಕು? ಮನುಷ್ಯಾಗ ಬೆಲಿ ಅಂತ ಇದ್ರ ದೇವರು ಹುಟ್ಟಿಸ್ಯಾನಂತ ಅದ. ದೇವರಿಗಿ ಅಂಜಲಾರದಾಕಿ ಮಂದಿ ಹಕ್ಕೇನು ಉಳಸ್ತಾಳ? ಆತನ್ನೇ ತಗದ್ರ ನಾವೂ ದನಾನೂ ಒಂದೇ."

ಮಾತು ಹಗುರವಾದದ್ದಲ್ಲ. ಮಾನವ ಹಕ್ಕುಗಳ ಪೇಪರಿಗೆ ನಮ್ಮ ಲೆಕ್ಚರರು ಬರೆಸಿದ ನೋಟ್ಸಿನಲ್ಲಿ "ಹಕ್ಕುಗಳು ಹುಟ್ಟಿನಿಂದಲೇ ಬರುತ್ತವೆ" ಎಂದಿತ್ತು. ಹುಟ್ಟಿನ ಜೊತೆಗೆ ಅವನ್ನು ಕಳಿಸುವವರು ಯಾರು ಎಂದು ಅವರೂ ಬರೆಸಿರಲಿಲ್ಲ, ನಾವೂ ಕೇಳಿರಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದದ್ದನ್ನೇ ಹೇಳಿದೆ: "ನಮ್ಮವ್ವನ್ನ ಕಳ್ಳಿ ಮಾಡಿದವರೆಲ್ಲಾ ದೇವರಿಗಿ ಅಂಜೋರೇ ಇದ್ರು ಮೇಡಂ."

ಅವರ ಮುಖ ಬಿಗಿಯಿತು. ಇಪ್ಪತ್ತೊಂದು ದಿನ ಮುಗಿಯುವುದರೊಳಗೆ ಆಣೆ ಮಾಡಬೇಕು, ಇಲ್ಲವಾದರೆ ಕೋಣೆ ಬಿಡಬೇಕು ಎಂದರು. "ಹಿಂಗಾದ್ರ ನಿನಗ ಡಿಗ್ರಿ ಮುಗಿದಂಗೇ."

ಅದು ಬರೀ ಬೆದರಿಕೆಯಲ್ಲ. ನಮ್ಮೂರು ಸುರಪುರ ತಾಲೂಕಿನ ಮೂಲೆಯಲ್ಲಿದೆ. ಮೊದಲ ಬಸ್ಸು ಶಹಾಪುರ ಮುಟ್ಟುವುದು ಹನ್ನೊಂದಕ್ಕೆ, ಪರೀಕ್ಷೆ ಶುರುವಾಗುವುದು ಹತ್ತಕ್ಕೆ. ಹಾಸ್ಟೆಲ್ ಹೋದರೆ ಪರೀಕ್ಷೆಯೂ ಹೋದಂತೆ.

ಮೇಡಂ ಫೋನು ಮಾಡಿದ್ದಕ್ಕೆ ಸೋದರಮಾವ ರೊಟ್ಟಿ ಗಂಟು ಹಿಡಿದು ಬಂದರು. ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಕುಳಿತು ಬುದ್ಧಿ ಹೇಳಿದರು.

"ಆಣಿ ಮಾಡಿಬಿಡು. ಮುಂದ ಮನಿ ದೇವರಿಗಿ ತಪ್ಪು ಕಾಣಿಕಿ ಹಾಕಿದ್ರ ಮುಗೀತು. ಯಾವ ಕೇಡೂ ತಟ್ಟಂಗಿಲ್ಲ."

"ಕದ್ದವರೂ ಹಂಗೇ ಕಾಣಿಕಿ ಹಾಕ್ಬೋದಲ್ಲ ಮಾವ?"

"ಹಾಕ್ತಾರ."

"ಮತ್ತ ಹನುಮಪ್ಪನ ಆಣಿ?"

"ಅದು ಕಾಣಿಕಿ ಹಾಕಲಾರದವರಿಗಿ" ಎಂದರು ಮಾವ, ನಗದೆ. ರೊಟ್ಟಿ ಗಂಟು ನನ್ನ ಕೈಗಿಟ್ಟು, "ನಿನಗ ಬಾಯಿ ಭಾಳ ಅಂತ ನಾ ಮೊದಲೇ ಹೇಳಿದ್ನಿ" ಎನ್ನುತ್ತ ಬಸ್ಸು ಹಿಡಿಯಲು ಎದ್ದರು.

ಅಷ್ಟರಲ್ಲಿ ಹನುಮಪ್ಪ ಕೆಲಸ ಶುರುಮಾಡಿದ್ದ. ನಾಲ್ಕನೇ ದಿನ ಒಬ್ಬಳಿಗೆ ಕಣ್ಣೆಲ್ಲ ಹಳದಿಯಾಗಿ ಕಾಮಣಿ ಆಯಿತು. ಏಳನೇ ದಿನ ಇನ್ನೊಬ್ಬಳಿಗೆ ಮದುವೆಗೆ ಗೊತ್ತಾಗಿದ್ದ ಗಂಡು ತಪ್ಪಿತು. ಅಡುಗೆಯಾಕೆಯ ಕಾಲಿನ ಮೇಲೆ ಸಾರಿನ ಬೋಗುಣಿ ಬಿತ್ತು. ನನ್ನ ಗೆಳತಿಯ ಕನ್ನಡಕವನ್ನು ಗುಡಿಯ ಮುಂದೆಯೇ ಮಂಗ ಕಸಿದುಕೊಂಡು ಹೋಯಿತು. ಹನುಮಪ್ಪನ ಕಡೆಯದೇ ಮಂಗ ಅಂದಮೇಲೆ ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ತನ್ನ ಮಾಲು ಕಳವಾದದ್ದಕ್ಕೆ ಕಳ್ಳಿ ಅನ್ನಿಸಿಕೊಂಡವಳು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ ಇರಬೇಕು. ಎರಡು ವಾರದಲ್ಲಿ ಹಾಸ್ಟೆಲ್ಲಿನ ಅರ್ಧ ಮಂದಿ ಕಳ್ಳರಾದರು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು ಬೆನ್ನು ತಿರುಗಿಸಿ ಕುಳಿತರು.

ಹತ್ತೊಂಬತ್ತನೇ ದಿನ ಮೇಡಂ ಸ್ಕೂಟಿ ಉಸುಕಿನ ಮೇಲೆ ಜಾರಿತು. ಬಲಗೈ ಮುರಿಯಿತು. ಕರ್ಪೂರ ಆರಿಸಿದ ಕೈ. ಅವರು ಯಾದಗಿರಿಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬರುವುದರೊಳಗೆ ಬಚ್ಚಲ ಬಾಗಿಲ ಮೇಲೆ ಯಾರೋ ಸುಣ್ಣದ ಕಡ್ಡಿಯಿಂದ ಬೇಳೆ ಚೀಲದ ಚಿತ್ರ ಬರೆದು, ಅದರ ಪಕ್ಕದಲ್ಲೊಂದು ಸ್ಕೂಟಿ ನಿಲ್ಲಿಸಿದ್ದರು.

ಮರುದಿನ ಮಧ್ಯಾಹ್ನ ಕರೆ ಬಂತು. ಕೋಣೆ ಬಿಡಿಸುತ್ತಾರೆ ಎಂದು ಟ್ರಂಕು ಕಟ್ಟಿಟ್ಟೇ ಹೋದೆ. ಮೇಡಂ ಕೈ ಕೊರಳಿಗೆ ತೂಗುಹಾಕಿಕೊಂಡು ಕುಳಿತಿದ್ದರು.

"ನೀನೂ ಹಂಗೇ ಅನ್ಕೊಂಡೀಯೇನು, ಬ್ಯಾಳಿ ನಾ ಒಯ್ದೀನಂತ?"

"ಇಲ್ರಿ. ಉಸುಕಿನ ಮ್ಯಾಲ ಗಾಡಿ ಜಾರ್ಯಾದ."

"ಮತ್ತ ಎಲ್ಲಾರೂ ಅನ್ನಾಕತ್ತಾರಲ್ಲ."

"ಅವರು ದೇವರಿಗಿ ಅಂಜ್ತಾರ್ರಿ."

ಅವರು ಎದ್ದು ಎಡಗೈಯಿಂದ ಬಾಗಿಲು ಮುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಊಟಕ್ಕ ಕೂಡಿದಾಗ ನೀ ಒಂದು ಮಾತು ಹೇಳು. ನನ್ನ ಮಾತು ಈಗ ಯಾರೂ ಕೇಳಂಗಿಲ್ಲ" ಎಂದರು.

ಕರಾರು ಹಾಕಬಹುದಿತ್ತು. ಕೋಣೆ ಬಿಡಿಸುವುದಿಲ್ಲ ಅಂತ ಬರೆದುಕೊಡಿ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಅನ್ನಲಿಲ್ಲ. ದೊಡ್ಡ ಗುಣವೇನಲ್ಲ, ಪುರಾವೆ ಇಲ್ಲದೆ ನಮ್ಮವ್ವನನ್ನು ಕಳ್ಳಿ ಅನ್ನಬಾರದಿದ್ದರೆ ಇವರನ್ನೂ ಅನ್ನುವಂತಿಲ್ಲ. ಅದನ್ನು ಕೊಟ್ಟು ತೆಗೆದುಕೊಳ್ಳುವ ವ್ಯಾಪಾರ ಮಾಡಿದರೆ ನನ್ನ ಮಾತಿಗೇ ಅರ್ಥವಿಲ್ಲ.

ಊಟದ ಹೊತ್ತಿಗೆ ಎದ್ದು ನಿಂತೆ. ಕಾಮಣಿ ಬಂದದ್ದು ತೊಳೆಯದ ನೀರಿನ ಟಾಕಿಯಿಂದ, ಗಂಡು ತಪ್ಪಿದ್ದು ಗಂಡಿನವರು ಕೇಳಿದ ಬೈಕಿನಿಂದ, ಕನ್ನಡಕ ಹೋದದ್ದು ಮಂಗನಿಂದ, ಮೇಡಂ ಬಿದ್ದದ್ದು ಉಸುಕಿನಿಂದ ಎಂದೆ. "ಬ್ಯಾಳಿ ಯಾರು ಒಯ್ದಾರ ನನಗ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಾಗೋ ತನಕ ಎಲ್ಲಾರೂ ಕೂಡಿ ಉಣ್ರಿ." ಕನ್ನಡಕವಿಲ್ಲದ ಗೆಳತಿ ಯಾರ ಮುಖವೂ ಸ್ಪಷ್ಟ ಕಾಣದೆ ನಡುವಿನಲ್ಲೇ ಬಂದು ಕುಳಿತಳು. ಕಾಮಣಿ ಹುಡುಗಿ ಅವಳ ಕಡೆ ತಟ್ಟೆ ಸರಿಸಿದಳು.

ಕೋಣೆ ಬಿಡುವ ಮಾತು ಮತ್ತೆ ಬರಲಿಲ್ಲ. ಕ್ಷಮೆಯ ಮಾತೂ ಬರಲಿಲ್ಲ. ಮೇಡಂ ಕೈ ಕೂಡಲಿ ಎಂದು ಹನುಮಪ್ಪನಿಗೇ ಹೋಗಿ ಕಾಯಿ ಒಡೆಸಿದರು. ಗೆಳತಿ, "ನಿನ್ನ ಉಳಸಾಕೇ ಆತ ಮೇಡಮ್ಮರನ್ನ ಕೆಡವ್ಯಾನ" ಎಂದು ಇವತ್ತಿಗೂ ವಾದ ಮಾಡುತ್ತಾಳೆ. ನನ್ನನ್ನು ಉಳಿಸಿದ್ದು ನನ್ನ ವಾದಕ್ಕಿಂತ ಹೆಚ್ಚಾಗಿ ಉಸುಕು ಎಂಬುದನ್ನು ನಾನೂ ಒಪ್ಪುತ್ತೇನೆ. ಅದು ನನಗೆ ಅಷ್ಟು ಹಿತವಾದ ವಿಷಯವಲ್ಲ.

ಪರೀಕ್ಷೆಯಲ್ಲಿ ಮಾನವ ಹಕ್ಕುಗಳ ಮೂಲವನ್ನು ಚರ್ಚಿಸಿ ಎಂಬ ಪ್ರಶ್ನೆ ಬಂತು. ದೇವರು ಕೊಟ್ಟನೆಂಬ ವಾದ ಬರೆದೆ, ಮನುಷ್ಯರೇ ಕೂಡಿ ಮಾಡಿಕೊಂಡರೆಂಬ ವಾದವನ್ನೂ ಬರೆದೆ. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: ದೇವರು ಇದ್ದರೂ ಇಲ್ಲದಿದ್ದರೂ ಆಡಿನ ಹೊಟ್ಟೆ ಕೊಯ್ದು ನೋಡಬೇಕು. ಪೇಪರು ತಿದ್ದಿದವರಿಗೆ ಏನು ತಿಳಿಯಿತೋ, ಪಾಸಂತೂ ಮಾಡಿದರು.

ಸರ್ಟಿಫಿಕೇಟು ಮುಂದಿನ ವರ್ಷ ಬಂತು. ಕಾಲೇಜಿನ ಕಿಟಕಿಯಲ್ಲಿ ಸಹಿ ಮಾಡಿ ತೆಗೆದುಕೊಂಡು ಅದೇ ಕೆಂಭಾವಿ ಬಸ್ಸಿನಲ್ಲಿ ಊರಿಗೆ ಹೋದೆ. ಅವ್ವ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ಅವಳಿಗೆ ಓದು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ಸೋಮವಾರ ತಪ್ಪದೆ ಒಪ್ಪತ್ತು ಇರುವವಳು, ದೀಪ ಹಚ್ಚದೆ ನೀರು ಕುಡಿಯದವಳು. ಹಾಗಾಗಿ ನಾನೇ ಅದನ್ನು ಇಸಿದುಕೊಂಡು ದೇವರ ಜಗುಲಿಯ ಮೇಲೆ ಇಡಲು ಹೋದೆ.

"ಅಲ್ಲಿ ಇಡಬ್ಯಾಡ, ದೀಪದ ಎಣ್ಣಿ ಹತ್ತತದ" ಎಂದಳು ಅವ್ವ. "ದೇವರ ಫೋಟೋ ಕೆಟ್ರ ಸಂತ್ಯಾಗ ಇನ್ನೊಂದು ಸಿಗ್ತದ. ಇದು ಸಿಗಂಗಿಲ್ಲ. ಟ್ರಂಕಿನಾಗ ಇಡು."